ಹೊಟ್ಟೆಯಲ್ಲಿರುವ ಮಗುವಿನ ‘ತಲೆಯಲ್ಲಿ ನೀರು ಸ್ವಲ್ಪ ಜಾಸ್ತಿ’ ಅಂದರೆ ಮುಂದೇನು?

ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿಸಿ ಬಂದವರು ನನಗೆ ಕಳಿಸುವ ಫೋಟೊ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಎರಡು ಪುಟದ ರಿಪೋರ್ಟು, ಅದರಲ್ಲಿ ಒಂದು ಸಾಲಿನ ಕೆಳಗೆ ಪೆನ್ನಿನಲ್ಲಿ ಎಳೆದ ಗೆರೆ. ‘ಲ್ಯಾಟರಲ್ ವೆಂಟ್ರಿಕಲ್ 10.8 ಮಿ.ಮೀ.’ ಕೆಳಗೆ ಪ್ರಶ್ನೆ: “ಡಾಕ್ಟ್ರೇ, ಮಗು ತಲೆಯಲ್ಲಿ ನೀರು ತುಂಬಿದೆಯಂತೆ. ಬುದ್ಧಿ ಸರಿಯಾಗಿ ಬರತ್ತಾ?”

ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ಇದು ಅಳತೆ 10ರಿಂದ 15 ಮಿ.ಮೀ. ಒಳಗೆ ಬಂದವರಿಗೆ ಮಾತ್ರ. 15 ದಾಟಿದ್ದರೆ ಅದು ಬೇರೆಯದೇ ಮಾತು, ಅದನ್ನು ನಿಮ್ಮ ಡಾಕ್ಟರ ಎದುರು ಕೂತೇ ಆಡಬೇಕು.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಆ 10.8 ಅನ್ನೋದು ಉತ್ತರವಲ್ಲ, ಪ್ರಶ್ನೆ. ಜೊತೆಗೆ ಬೇರೇನಾದರೂ ತೊಂದರೆ ಇದೆಯಾ, ಅಳತೆ ಬೆಳೆಯುತ್ತಿದೆಯಾ, ಹುಟ್ಟಿದ ಮೇಲೆ ಮಗು ಹೇಗೆ ಬೆಳೆಯುತ್ತಿದೆ, ಈ ಮೂರು ಗೊತ್ತಾಗುವವರೆಗೆ ಆ ಅಂಕಿ ಮಗುವಿನ ಭವಿಷ್ಯದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಕೆಲವು ಪದಗಳು

ಮೆದುಳಿನ ಒಳಗೆ ನಾಲ್ಕು ಪುಟ್ಟ ಕೋಣೆಗಳಿವೆ. ಅವೇ ವೆಂಟ್ರಿಕಲ್. ಎಡಕ್ಕೊಂದು ಬಲಕ್ಕೊಂದು ಇರುವ ದೊಡ್ಡವು ಲ್ಯಾಟರಲ್ ವೆಂಟ್ರಿಕಲ್‌ಗಳು. ಈ ಕೋಣೆಗಳಲ್ಲಿ ತಿಳಿಯಾದ ದ್ರವ ಇರುತ್ತದೆ. ಕೋಣೆಯೊಳಗೇ ಇರುವ ಕೋರಾಯ್ಡ್ ಪ್ಲೆಕ್ಸಸ್ ಎಂಬ ಗೊಂಚಲಿನಂಥ ಅಂಗ ಅದನ್ನು ತಯಾರಿಸುತ್ತಲೇ ಇರುತ್ತದೆ. ದ್ರವ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿದು, ಮೆದುಳಿನ ಹೊರಮೈಗೆ ಬಂದು, ರಕ್ತಕ್ಕೆ ಸೇರುತ್ತದೆ. ಅಂದರೆ ತಲೆಯಲ್ಲಿ ನೀರು ಎಲ್ಲರಿಗೂ ಇದೆ. ನಿಮಗೂ ಇದೆ, ನನಗೂ ಇದೆ.

ಕೋಣೆ ಅಗಲವಾಗಿದ್ದರೆ ವೆಂಟ್ರಿಕ್ಯುಲೋಮೆಗಲಿ ಅನ್ನುತ್ತಾರೆ. ಇದು ಬರೀ ಅಳತೆಯ ಹೆಸರು, ಕಾಯಿಲೆಯ ಹೆಸರಲ್ಲ. ದ್ರವ ಹರಿಯುವ ದಾರಿ ಕಟ್ಟಿಕೊಂಡು, ಒತ್ತಡ ಏರಿ, ಕೋಣೆ ಉಬ್ಬಿದರೆ ಅದು ಹೈಡ್ರೋಸೆಫಾಲಸ್. ನಮ್ಮಲ್ಲಿ ಎರಡಕ್ಕೂ ‘ತಲೆಯಲ್ಲಿ ನೀರು’ ಅಂತಲೇ ಹೇಳುವುದರಿಂದ ಅರ್ಧ ಗಾಬರಿ ಅಲ್ಲೇ ಹುಟ್ಟುತ್ತದೆ.

10ರಿಂದ 12 ಮಿ.ಮೀ. ಇದ್ದರೆ ಅಲ್ಪ, 13ರಿಂದ 15 ಇದ್ದರೆ ಮಧ್ಯಮ, 15ಕ್ಕಿಂತ ಹೆಚ್ಚಿದ್ದರೆ ತೀವ್ರ ಅಂತ ಈಗ ವಿಂಗಡಿಸುತ್ತಾರೆ. ಕೆಲವು ಡಾಕ್ಟರು 10ರಿಂದ 15ರವರೆಗೆ ಎಲ್ಲಕ್ಕೂ ‘ಮೈಲ್ಡ್’ ಅಂತಲೇ ಬರೆಯುತ್ತಾರೆ. ಹಾಗಾಗಿ ಪದವನ್ನು ಬಿಡಿ, ಅಂಕಿ ನೋಡಿ. ಬೇರೆ ಯಾವ ತೊಂದರೆಯೂ ಜೊತೆಗೆ ಕಾಣದಿದ್ದರೆ ‘ಐಸೊಲೇಟೆಡ್’ ಅನ್ನುತ್ತಾರೆ, ಒಂಟಿ ಅಂತ ಅರ್ಥ. ಈ ಲೇಖನದಲ್ಲಿ ಅತಿ ಮುಖ್ಯವಾದ ಪದ ಇದೇ.

ಕೈಯಲ್ಲಿ ಏನೇನಿರಬೇಕು

ಒಂದು ಫೈಲು ಮಾಡಿ. ತಾಯಿ ಕಾರ್ಡ್, ಇದುವರೆಗಿನ ಎಲ್ಲ ಸ್ಕ್ಯಾನ್ ರಿಪೋರ್ಟು ಮತ್ತು ಚಿತ್ರಗಳು, ರಕ್ತಪರೀಕ್ಷೆಗಳು. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಖಂಡಿತ ಇರಲಿ, ಮಗುವಿನ ವಾರದ ಲೆಕ್ಕ ಸರಿಯಾಗಿ ಸಿಗುವುದು ಅದರಲ್ಲೇ. ಒಂದು ಹಾಳೆಯಲ್ಲಿ ಈ ಬಸಿರಿನಲ್ಲಿ ಜ್ವರ, ಮೈಮೇಲೆ ಗುಳ್ಳೆ ಬಂದಿತ್ತಾ, ಯಾವ ವಾರದಲ್ಲಿ ಅಂತ ಬರೆದಿಡಿ.

ಇನ್ನೊಂದು ಹಾಳೆಯಲ್ಲಿ ಎರಡೂ ಮನೆಯ ವಂಶದ ವಿವರ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಮುಜುಗರ ಪಡದೆ ಹೇಳಿ. ತೀರಿಕೊಂಡ ಮಕ್ಕಳು, ತಲೆ ದೊಡ್ಡದಾಗಿದ್ದ ಮಕ್ಕಳು, ಅದರಲ್ಲೂ ತಾಯಿಯ ಕಡೆಯ ಗಂಡುಮಕ್ಕಳಲ್ಲಿ ಅಂಥದ್ದಿತ್ತಾ ಅನ್ನೋದು ಬೇಕು. ದ್ರವ ಹರಿಯುವ ದಾರಿ ಕಿರಿದಾಗುವ ಒಂದು ಬಗೆ ತಾಯಿಯ ಮೂಲಕ ಗಂಡುಮಕ್ಕಳಿಗೆ ಇಳಿದು ಬರುತ್ತದೆ. ಇದನ್ನೆಲ್ಲ ಅಜ್ಜಿಯನ್ನು ಕೇಳಿ, ಗೂಗಲ್‌ಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ.

1. ಅಳತೆ ಸರಿಯಿದೆಯಾ ಅಂತ ಇನ್ನೊಮ್ಮೆ ನೋಡಿಸಿ

ಹೊಟ್ಟೆಯಲ್ಲಿರುವ ಮಗುವಿನಲ್ಲಿ ಈ ಕೋಣೆಯ ಅಗಲ ಸರಾಸರಿ ಏಳೂವರೆ ಮಿ.ಮೀ. ಆಸುಪಾಸು ಇರುತ್ತದೆ. 14ನೇ ವಾರದಿಂದ ಹೆರಿಗೆಯವರೆಗೂ ಅದು ಹೆಚ್ಚು ಬದಲಾಗುವುದಿಲ್ಲ. ಮೆದುಳು ಸುತ್ತ ಬೆಳೆಯುತ್ತಾ ಹೋಗುತ್ತದೆ, ಕೋಣೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದಕ್ಕೇ ಎಲ್ಲ ವಾರಗಳಿಗೂ 10 ಅನ್ನೋ ಒಂದೇ ಗೆರೆ.

ಈ ಗೆರೆ ತುಂಬ ಸಣ್ಣ ಅಂತರದ್ದು. ಮಗುವಿನ ತಲೆ ಸ್ವಲ್ಪ ಓರೆಯಾಗಿ ಸಿಕ್ಕರೂ, ಅಳೆಯುವ ಗುರುತನ್ನು ಕೋಣೆಯ ಒಳಗೋಡೆಗೆ ಇಡುವ ಬದಲು ಹೊರಗೋಡೆಗೆ ಇಟ್ಟರೂ 9.5 ಇದ್ದದ್ದು 10.5 ಆಗಿಬಿಡುತ್ತದೆ. ಸರಿಯಾದ ಅಳತೆ ಅಂದರೆ ಕೋರಾಯ್ಡ್ ಗೊಂಚಲು ಕಾಣುವ ಜಾಗದಲ್ಲಿ, ಒಳಗೋಡೆಯಿಂದ ಒಳಗೋಡೆಗೆ, ಕೋಣೆಗೆ ನೇರ ಅಡ್ಡಲಾಗಿ. ಎರಡೂ ಕಡೆಯದನ್ನು ಅಳೆಯಬೇಕು. ಸ್ಕ್ಯಾನ್ ಮಾಡುವ ಕಡೆಗಿರುವ ಅರ್ಧ ಮೆದುಳು ಮಸುಕಾಗಿ ಕಾಣುವುದರಿಂದ ಬಹಳ ಸಲ ಒಂದೇ ಕಡೆ ಅಳೆದು ಬಿಟ್ಟಿರುತ್ತಾರೆ.

ಹಾಗಾಗಿ ಫೀಟಲ್ ಮೆಡಿಸಿನ್ ತಜ್ಞರ ಹತ್ತಿರ ಮತ್ತೆ ಮಾಡಿಸಿ. ಹುಟ್ಟುವ ಮುಂಚಿನ ಮಗುವನ್ನೇ ನೋಡಲು ಪ್ರತ್ಯೇಕ ತರಬೇತಿ ಪಡೆದ ಡಾಕ್ಟರು ಇವರು. ಹತ್ತು ದಾಟಿದ್ದು ಅರ್ಧ ಮಿಲಿಮೀಟರ್ ಆದರೆ ಮರು ಸ್ಕ್ಯಾನಿನಲ್ಲೇ ವಿಷಯ ಮುಗಿದುಹೋಗುವುದೂ ಉಂಟು.

ಇಲ್ಲೊಂದು ತಮಾಷೆ. ಗಂಡು ಮಗುವಿನಲ್ಲಿ ಈ ಕೋಣೆ ಸಹಜವಾಗಿಯೇ ಕೂದಲೆಳೆಯಷ್ಟು ದೊಡ್ಡದು. ಆದರೆ ‘ಗಂಡಾ ಹೆಣ್ಣಾ’ ಅಂತ ಕೇಳಬೇಡಿ. 1994ರ ಕಾಯ್ದೆ ಪ್ರಕಾರ ಹೇಳುವುದು ಅಪರಾಧ, ಕೇಳುವುದೂ ಸರಿಯಲ್ಲ. ಆ ಕೂದಲೆಳೆಯಿಂದ ನಿಮ್ಮ ತೀರ್ಮಾನವೇನೂ ಬದಲಾಗುವುದಿಲ್ಲ.

ಎಡವುವ ಜಾಗ: ಮೂರು ದಿನಕ್ಕೆ ಮೂರು ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ 10.2, 10.9, 9.8 ಅಂತ ಅಂಕಿ ಹೋಲಿಸುತ್ತಾ ಕೂರುವುದು. ಅದು ಮಗು ಬದಲಾಗಿದ್ದಲ್ಲ, ಕೈ ಬದಲಾಗಿದ್ದು. ಒಬ್ಬರನ್ನು ನಂಬಿ, ಅವರ ಹತ್ತಿರವೇ ಮುಂದುವರಿಯಿರಿ.

2. ‘ಜೊತೆಗೆ ಬೇರೇನಿದೆ?’ ಅಂತ ಕೇಳಿ

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ಮಗು ಮುಂದೆ ಹೇಗಿರುತ್ತದೆ ಅನ್ನೋದನ್ನು ನಿರ್ಧರಿಸುವುದು ಕೋಣೆಯ ಅಗಲಕ್ಕಿಂತ ಜಾಸ್ತಿ ಅದರ ಜೊತೆ ಇರುವ, ಅಥವಾ ಇಲ್ಲದಿರುವ, ಬೇರೆ ಸಂಗತಿ. ಹಾಗಾಗಿ ತಜ್ಞರು ಮಗುವಿನ ಮೆದುಳನ್ನು ಎಲ್ಲ ಕೋನದಿಂದಲೂ ನೋಡುತ್ತಾರೆ. ಇದಕ್ಕೆ ನ್ಯೂರೋಸೋನೋಗ್ರಫಿ ಅಂತ ಹೆಸರು. ಮಗು ತಲೆ ಕೆಳಗಾಗಿದ್ದರೆ ಯೋನಿಯ ಮೂಲಕವೂ ಸ್ಕ್ಯಾನ್ ಮಾಡಬಹುದು. ಅದರಿಂದ ಮಗುವಿಗೆ ಅಪಾಯವಿಲ್ಲ, ಚಿತ್ರ ತುಂಬ ಸ್ಪಷ್ಟವಾಗಿ ಬರುತ್ತದೆ.

ರಿಪೋರ್ಟು ಕೈಗೆ ಬಂದಾಗ ನೀವೇ ಹುಡುಕಬಹುದಾದ ಕೆಲವು ಸಾಲುಗಳಿವೆ.

‘ಕಾರ್ಪಸ್ ಕ್ಯಾಲೋಸಮ್’ ಕಂಡಿದೆಯಾ? ಮೆದುಳಿನ ಎಡ ಬಲ ಭಾಗಗಳನ್ನು ಜೋಡಿಸುವ ಸೇತುವೆ ಇದು. ಸೇತುವೆ ಇಲ್ಲದಿದ್ದರೆ ಕೋಣೆಯ ಹಿಂಭಾಗ ಅಗಲವಾಗಿ ಕಾಣುತ್ತದೆ, ಅಂದರೆ ಅಗಲವಾಗಿದ್ದಕ್ಕೆ ಕಾರಣವೇ ಅದು. ಇದು ಪೂರ್ತಿ ಮೂಡುವುದು 20ನೇ ವಾರದ ಹೊತ್ತಿಗೆ. 18ನೇ ವಾರದಲ್ಲಿ ‘ಸರಿಯಾಗಿ ಕಾಣಲಿಲ್ಲ’ ಅಂತ ಬರೆದಿದ್ದರೆ ಎರಡು ವಾರ ಬಿಟ್ಟು ನೋಡಿಸಿ. ‘ಸಿಎಸ್‌ಪಿ’ ಅಂತ ಇನ್ನೊಂದು ಸಾಲಿರುತ್ತದೆ. ಮೆದುಳಿನ ನಡುವೆ ಕಾಣುವ ಪುಟ್ಟ ಪೆಟ್ಟಿಗೆಯಂಥ ಜಾಗ ಅದು. ಕಂಡಿದೆ ಅಂತ ಬರೆದಿದ್ದರೆ ಒಳ್ಳೆಯ ಸೂಚನೆ. ಆಮೇಲೆ ಹಿಂದಲೆಯಲ್ಲಿರುವ ಕಿರುಮೆದುಳು, ಅಂದರೆ ಸೆರಿಬೆಲ್ಲಮ್, ಅಲ್ಲಿನ ದ್ರವದ ಜಾಗ.

ಬೆನ್ನುಮೂಳೆಯನ್ನು ಕೊನೆಯವರೆಗೂ ನೋಡಿದ್ದಾರಾ? ಬೆನ್ನುಹುರಿಯ ಬಳಿ ಮೂಳೆ ಮುಚ್ಚದೆ ಉಳಿದಿದ್ದರೆ ಅದರ ಪರಿಣಾಮವೂ ಮೊದಲು ತಲೆಯಲ್ಲೇ ಕಾಣಬಹುದು. ಹೃದಯ, ಕಿಡ್ನಿ, ಮುಖ, ಕೈಕಾಲು ಕೂಡ ನೋಡಬೇಕು. ಮೆದುಳಿನಲ್ಲಿ ರಕ್ತಸ್ರಾವದ ಗುರುತು ಕಂಡರೆ ತಾಯಿಯ ರಕ್ತದಲ್ಲಿ ಮಗುವಿನ ಪ್ಲೇಟ್‌ಲೆಟ್‌ಗಳನ್ನು, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು, ನಾಶಮಾಡುವ ಪ್ರತಿಕಾಯ ಇದೆಯಾ ಅಂತ ಪರೀಕ್ಷೆ ಬರೆಯುತ್ತಾರೆ. ಹಿಂದಿನ ಮಗುವಿಗೆ ಹುಟ್ಟಿದಾಗ ಪ್ಲೇಟ್‌ಲೆಟ್ ಕಡಿಮೆ ಇತ್ತು ಅಂತಾದರೆ ಮರೆಯದೆ ಹೇಳಿ.

ಎಂಆರ್‌ಐ ಬೇಕಾ? ತಜ್ಞರ ಸ್ಕ್ಯಾನಿನಲ್ಲಿ ಎಲ್ಲ ಚೆನ್ನಾಗಿ ಕಂಡ ಮೇಲೂ, ನೂರರಲ್ಲಿ ಸುಮಾರು ಐದು ಮಕ್ಕಳಲ್ಲಿ ಎಂಆರ್‌ಐ ಹೊಸದೇನನ್ನಾದರೂ ತೋರಿಸುತ್ತದೆ. ವಿಕಿರಣವಿಲ್ಲ, ಬಸಿರಿಯರಿಗೆ ಬಣ್ಣದ ಇಂಜೆಕ್ಷನ್ ಕೊಡುವುದಿಲ್ಲ, ಅರ್ಧ ಮುಕ್ಕಾಲು ಗಂಟೆ ಆ ಗಡಗಡ ಸದ್ದಿನಲ್ಲಿ ಮಲಗಬೇಕು ಅಷ್ಟೆ. ಅಳತೆ 12 ದಾಟಿದ್ದರೆ, ಬೆಳೆಯುತ್ತಿದ್ದರೆ, ಅಥವಾ ಸ್ಕ್ಯಾನಿನಲ್ಲಿ ಏನೋ ಅನುಮಾನ ಇದ್ದರೆ ಮಾಡಿಸುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಆದರೆ ಮಗುವಿನ ಮೆದುಳಿನ ಎಂಆರ್‌ಐ ಓದಿ ಅಭ್ಯಾಸವಿರುವ ರೇಡಿಯಾಲಜಿಸ್ಟ್ ಇರುವ ಕಡೆ ಮಾಡಿಸಿ. ಓದಲು ಬಾರದವರ ಕೈಯಲ್ಲಿ ದುಬಾರಿ ಚಿತ್ರ ಕೊಟ್ಟು ಪ್ರಯೋಜನವಿಲ್ಲ.

3. ಸೋಂಕು ಮತ್ತು ಕ್ರೋಮೋಸೋಮ್ ಪರೀಕ್ಷೆ

ಎರಡು ಸೋಂಕುಗಳು ಇಲ್ಲಿ ಮುಖ್ಯ. ಒಂದು ಸೈಟೋಮೆಗಲೋವೈರಸ್, ಚಿಕ್ಕದಾಗಿ ಸಿಎಂವಿ. ಇದು ಹೆಚ್ಚಾಗಿ ಪುಟ್ಟ ಮಕ್ಕಳ ಜೊಲ್ಲು, ಮೂತ್ರದಿಂದ ಬರುತ್ತದೆ. ತಾಯಿಗೆ ಸುಮ್ನೆ ನೆಗಡಿಯಂತೆ ಬಂದು ಹೋಗಿರಬಹುದು, ಗೊತ್ತೇ ಆಗದೆಯೂ ಇರಬಹುದು. ಇನ್ನೊಂದು ಟಾಕ್ಸೋಪ್ಲಾಸ್ಮಾ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಬೆಕ್ಕಿನ ಮಲ ಬಿದ್ದ ಮಣ್ಣು ಇದರ ದಾರಿ.

ಕ್ರೋಮೋಸೋಮ್ ಅಂದರೆ ನಮ್ಮ ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆಗಳು. ಒಂಟಿ ಅಂತ ಕಂಡ ಮಕ್ಕಳಲ್ಲೂ ನೂರಕ್ಕೆ ಸುಮಾರು ಐವರಲ್ಲಿ ಎಳೆಗಳ ಲೆಕ್ಕದಲ್ಲಿ ವ್ಯತ್ಯಾಸ ಸಿಗುತ್ತದೆ. ಡೌನ್ ಸಿಂಡ್ರೋಮ್ ಅದರಲ್ಲಿ ಹೆಚ್ಚು. ಇದನ್ನು ಖಚಿತವಾಗಿ ಹೇಳುವ ಪರೀಕ್ಷೆ ಆಮ್ನಿಯೋಸೆಂಟೆಸಿಸ್. ಸ್ಕ್ಯಾನ್ ನೋಡಿಕೊಂಡೇ ತೆಳ್ಳಗಿನ ಸೂಜಿಯಿಂದ ಗರ್ಭದ ನೀರು ಸ್ವಲ್ಪ ತೆಗೆಯುತ್ತಾರೆ. ಅದೇ ನೀರಿನಲ್ಲಿ ಸಿಎಂವಿ, ಟಾಕ್ಸೋಪ್ಲಾಸ್ಮಾ ಎರಡನ್ನೂ ಹುಡುಕಬಹುದು. ‘ಮೈಕ್ರೋಅರೇ’ ಬರೆದರೆ ಎಳೆಯಲ್ಲಿನ ಸಣ್ಣ ತುಂಡು ಕಳೆದಿದ್ದರೂ ಗೊತ್ತಾಗುತ್ತದೆ.

“ಸೂಜಿ ಹಾಕಿದರೆ ಮಗು ಹೋಗಿಬಿಡಲ್ವಾ?” ಪಳಗಿದ ಕೈಯಲ್ಲಿ ಆ ಅಪಾಯ ಸಾವಿರಕ್ಕೆ ಒಂದರಿಂದ ಮೂರು. ಇಲ್ಲವೇ ಇಲ್ಲ ಅನ್ನಲಾರೆ, ಜನ ಹೆದರುವಷ್ಟು ಇಲ್ಲ. ಬೇಕೋ ಬೇಡವೋ ಅನ್ನೋದು ನಿಮ್ಮ ತೀರ್ಮಾನ, ಅತ್ತೆ ಮಾವಂದಿರದಲ್ಲ.

ಎಡವುವ ಜಾಗ: ತಾಯಿಯ ಕೈಯಿಂದ ರಕ್ತ ತೆಗೆದು ಮಾಡುವ ‘ಎನ್‌ಐಪಿಟಿ’ ನಾರ್ಮಲ್ ಬಂತು, ಇನ್ನು ಆಮ್ನಿಯೋ ಬೇಡ ಅಂದುಕೊಳ್ಳುವುದು. ಎನ್‌ಐಪಿಟಿ ಮುಖ್ಯವಾಗಿ ಕೆಲವೇ ಕ್ರೋಮೋಸೋಮ್‌ಗಳನ್ನು ಜರಡಿ ಹಿಡಿಯುವ ಪರೀಕ್ಷೆ. ಇನ್ನೊಂದು, ತಾಯಿಯ ರಕ್ತದಲ್ಲಿ ಇಂಥ ಸೋಂಕುಗಳ ಗುರುತು ಹುಡುಕುವ ‘ಟಾರ್ಚ್ ಪ್ಯಾನೆಲ್’ನಲ್ಲಿ ‘ಐಜಿಜಿ ಪಾಸಿಟಿವ್’ ನೋಡಿ ಗಾಬರಿಯಾಗುವುದು. ಯಾವಾಗಲೋ ಹಿಂದೆ ಸೋಂಕು ಬಂದು ಹೋಗಿತ್ತು ಅಂತಷ್ಟೇ ಅದರ ಅರ್ಥ. ನಮ್ಮ ದೇಶದಲ್ಲಿ ಬಹುಪಾಲು ಹೆಂಗಸರಿಗೆ ಸಿಎಂವಿ ಐಜಿಜಿ ಪಾಸಿಟಿವ್ ಇರುತ್ತದೆ.

ದಿನದ ಲೆಕ್ಕವೂ ಗಮನದಲ್ಲಿರಲಿ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ಗಂಭೀರ ತೊಂದರೆ ಇರುವಲ್ಲಿ 24 ವಾರದವರೆಗೆ ಇಬ್ಬರು ಡಾಕ್ಟರ ಒಪ್ಪಿಗೆಯಿಂದ ಗರ್ಭಪಾತಕ್ಕೆ ಅವಕಾಶವಿದೆ, ಅದರಾಚೆಗೆ ಮೆಡಿಕಲ್ ಬೋರ್ಡ್ ನಿರ್ಧರಿಸುತ್ತದೆ. ಪರೀಕ್ಷೆಯ ಫಲ ಬರಲು ಎರಡು ಮೂರು ವಾರ ಹಿಡಿಯುವುದರಿಂದ 20ನೇ ವಾರದಲ್ಲಿ ಗೊತ್ತಾದದ್ದನ್ನು 23ರವರೆಗೆ ಎಳೆಯಬೇಡಿ. ಹಾಗಂತ ‘11 ಮಿ.ಮೀ. ಇದೆ, ತೆಗೆಸಿಬಿಡೋಣ’ ಅಂತ ಪರೀಕ್ಷೆಯೇ ಇಲ್ಲದೆ ಓಡಿಬರುವವರನ್ನೂ ನೋಡಿದ್ದೇನೆ. ದಯವಿಟ್ಟು ಮುಂದಿನ ಎರಡು ಹೆಜ್ಜೆ ಓದಿ.

4. ಕಾದು, ಮತ್ತೆ ಅಳೆಸಿ

ಮೂರು ನಾಲ್ಕು ವಾರ ಬಿಟ್ಟು ಒಮ್ಮೆ, ಆಮೇಲೆ ಎಂಟನೇ ತಿಂಗಳ ಹೊತ್ತಿಗೆ ಇನ್ನೊಮ್ಮೆ. ನೂರರಲ್ಲಿ ಸುಮಾರು 16 ಮಕ್ಕಳಲ್ಲಿ ಅಳತೆ ಹೆಚ್ಚುತ್ತದೆ. ಉಳಿದವರಲ್ಲಿ ಇದ್ದಷ್ಟೇ ಇರುತ್ತದೆ, ಇಲ್ಲವೇ ಕಡಿಮೆಯಾಗುತ್ತದೆ. ಬೇಗ ಬೇಗ ಹೆಚ್ಚಿದರೆ ಮಾತ್ರ ಮಕ್ಕಳ ನ್ಯೂರೋಸರ್ಜನ್ ಹತ್ತಿರ ಮುಂಚಿತವಾಗಿಯೇ ಮಾತಾಡಬೇಕು.

ಈ ಕಾಯುವ ಕಾಲದಲ್ಲಿ ಬಸಿರಿಯರು ಮಾಡಿಕೊಳ್ಳುವ ಒಂದು ಎಡವಟ್ಟಿದೆ. ‘ನೀರು ಜಾಸ್ತಿ’ ಅಂದರಲ್ಲ, ಅದಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ! ಎಳನೀರು ಬಿಡುತ್ತಾರೆ, ಮಜ್ಜಿಗೆ ಬಿಡುತ್ತಾರೆ. ನೀವು ಕುಡಿಯುವ ನೀರಿಗೂ ಮಗುವಿನ ಮೆದುಳಿನ ದ್ರವಕ್ಕೂ ಸಂಬಂಧವೇ ಇಲ್ಲ. ಚೆನ್ನಾಗಿ ಕುಡಿಯಿರಿ. ಗ್ರಹಣ ನೋಡಿದ್ದಕ್ಕೆ, ಸ್ಕೂಟರಿನಲ್ಲಿ ಹೋಗಿದ್ದಕ್ಕೆ, ಪಪಾಯ ತಿಂದಿದ್ದಕ್ಕೆ ಹೀಗಾಗುವುದೂ ಇಲ್ಲ. ಅಳತೆ ಕಡಿಮೆ ಮಾಡುವ ಮಾತ್ರೆ, ಕಷಾಯ, ಪಥ್ಯ ಯಾವುದೂ ಇಲ್ಲ. ಯಾರಾದರೂ ಮಾರುತ್ತಿದ್ದರೆ ಕೊಳ್ಳಬೇಡಿ.

5. ಅಂಕಿಗಳನ್ನು ಸರಿಯಾಗಿ ಓದಿ

ಈಗ ಎಲ್ಲರೂ ಕಾಯುತ್ತಿರುವ ಪ್ರಶ್ನೆ. ಸ್ಕ್ಯಾನ್ ಸರಿ, ಸೋಂಕಿಲ್ಲ, ಕ್ರೋಮೋಸೋಮ್ ಸರಿ. ಬರೀ ಕೋಣೆ ಅಗಲ. ಮಗು ಹೇಗಿರುತ್ತದೆ?

2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇಂಥ ಸುಮಾರು 700 ಮಕ್ಕಳ ಲೆಕ್ಕವನ್ನು 20 ಅಧ್ಯಯನಗಳಿಂದ ಒಟ್ಟುಗೂಡಿಸಿತು. ಅದರಲ್ಲಿ ಬೆಳವಣಿಗೆ ತಡವಾದದ್ದು ಶೇ. 7.9 ಮಕ್ಕಳಲ್ಲಿ. ಅಂದರೆ ನೂರರಲ್ಲಿ ಸುಮಾರು 92 ಮಕ್ಕಳು ಎಲ್ಲರಂತೆಯೇ ಬೆಳೆದರು. ಇನ್ನುಳಿದ ಎಂಟರಲ್ಲೂ ಎಲ್ಲ ಒಂದೇ ಥರವಲ್ಲ. ಮಾತು ಸ್ವಲ್ಪ ತಡವಾದ ಮಗುವೂ ಆ ಲೆಕ್ಕದಲ್ಲೇ, ತೀವ್ರ ತೊಂದರೆಯ ಮಗುವೂ ಆ ಲೆಕ್ಕದಲ್ಲೇ. ಇನ್ನೊಂದು ವಿಷಯ ಮರೆಯಬೇಡಿ. ಸ್ಕ್ಯಾನಿನಲ್ಲಿ ಏನೂ ಕಾಣದ ನೂರು ಮಕ್ಕಳನ್ನು ತೆಗೆದುಕೊಂಡರೂ ಅದರಲ್ಲಿ ಕೆಲವರಿಗೆ ಮಾತೋ ಕಲಿಕೆಯೋ ತಡವಾಗುತ್ತದೆ. ಹಾಗಾಗಿ ಈ ಎಂಟನ್ನು ಸೊನ್ನೆಯ ಜೊತೆ ಹೋಲಿಸಬಾರದು.

ಅಳತೆವಾರು ನೋಡಿದರೆ, 10ರಿಂದ 12ರ ಒಳಗೆ ಒಂಟಿಯಾಗಿದ್ದರೆ ಶೇ. 90ಕ್ಕೂ ಹೆಚ್ಚು ಮಕ್ಕಳ ಬೆಳವಣಿಗೆ ಸಹಜ. 13ರಿಂದ 15ರಲ್ಲಿ ಬೇರೆಬೇರೆ ಅಧ್ಯಯನಗಳು ಶೇ. 75ರಿಂದ 93 ಅಂತ ಹೇಳುತ್ತವೆ. ಈ ಗುಂಪಿನವರು ನಿರೀಕ್ಷೆಯನ್ನೂ ಇಟ್ಟುಕೊಳ್ಳಿ, ಕಣ್ಣನ್ನೂ ತೆರೆದಿಡಿ.

ಎರಡು ಕೊರತೆಗಳನ್ನೂ ಹೇಳಲೇಬೇಕು. ಹೆಚ್ಚಿನ ಅಧ್ಯಯನಗಳು ಮಕ್ಕಳನ್ನು ಎರಡು ಮೂರು ವರ್ಷದವರೆಗೆ ಮಾತ್ರ ಹಿಂಬಾಲಿಸಿವೆ. ಓದು, ಲೆಕ್ಕ, ಒಂದೆಡೆ ಕೂರುವ ಗಮನ, ಇವೆಲ್ಲ ಶಾಲೆಯಲ್ಲಿ ಗೊತ್ತಾಗುವ ಸಂಗತಿಗಳು. ಇನ್ನೊಂದು, ಅದೇ ವಿಶ್ಲೇಷಣೆಯಲ್ಲಿ ಶೇ. 7.4 ಮಕ್ಕಳಲ್ಲಿ ಹೊಟ್ಟೆಯಲ್ಲಿದ್ದಾಗ ಕಾಣದ ಬೇರೆ ತೊಂದರೆ ಹುಟ್ಟಿದ ಮೇಲೆ ಸಿಕ್ಕಿತು. ‘ಒಂಟಿ’ ಅನ್ನೋ ಮಾತು ಹುಟ್ಟುವವರೆಗೆ ತಾತ್ಕಾಲಿಕ. ಅದಕ್ಕೇ ಮುಂದಿನ ಹೆಜ್ಜೆಗಳನ್ನು ಬಿಡುವಂತಿಲ್ಲ.

6. ಹೆರಿಗೆ

ಅಲ್ಪ ಪ್ರಮಾಣದ ಅಗಲಕ್ಕಾಗಿಯೇ ಸಿಸೇರಿಯನ್ ಬೇಡ, ಅವಧಿಗೆ ಮುಂಚೆ ನೋವು ಬರಿಸುವುದೂ ಬೇಡ. ಬೇರೆ ಕಾರಣವಿದ್ದರೆ ಅದು ಬೇರೆ ಮಾತು. ಬಾಣಂತನಕ್ಕೆ ತವರಿಗೆ ಹೋಗುವವರು ಫೈಲನ್ನು ಜೊತೆಗೇ ಒಯ್ಯಿರಿ. ಹೆರಿಗೆ ಮಾಡಿಸುವವರಿಗೂ ಮಗುವನ್ನು ನೋಡುವ ಡಾಕ್ಟರಿಗೂ ವಿಷಯ ಮೊದಲೇ ತಿಳಿದಿರಲಿ. ‘ಹೇಳಿದರೆ ಎಲ್ಲರೂ ಏನೇನೋ ಅಂತಾರೆ’ ಅಂತ ಮುಚ್ಚಿಟ್ಟ ಮನೆಗಳಲ್ಲಿ ಮುಂದಿನ ಹೆಜ್ಜೆ ತಪ್ಪಿಹೋಗಿದೆ.

7. ಹುಟ್ಟಿದ ಮೊದಲ ಮೂರು ವಾರ

ಡಾಕ್ಟರು ಮಗುವನ್ನು ತಲೆಯಿಂದ ಕಾಲಿನವರೆಗೆ ನೋಡಬೇಕು. ಬೆನ್ನಿನ ಕೆಳಭಾಗದಲ್ಲಿ ಗುಳಿ, ಕೂದಲ ಗುಚ್ಛ ಇದೆಯಾ ಅಂತ ಕೂಡ. ತಲೆಯ ಸುತ್ತಳತೆ ಬರೆದಿಡಬೇಕು. ನೆತ್ತಿಯ ಮೇಲೆ ಸ್ಕ್ಯಾನ್ ಮಾಡಿಸಬೇಕು. ಅಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲವಾದ್ದರಿಂದ ಕಿಟಕಿಯಿಂದ ನೋಡಿದಂತೆ ಒಳಗೆಲ್ಲ ಕಾಣುತ್ತದೆ. ಮಗುವಿಗೆ ನೋವಿಲ್ಲ, ಮಲಗಿದ್ದಾಗಲೂ ಮಾಡಬಹುದು.

ಈ ಸ್ಕ್ಯಾನ್ ಸಹಜವಾಗಿದ್ದು ಮಗು ಚೆನ್ನಾಗಿದ್ದರೆ ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಸಿಟಿ ಸ್ಕ್ಯಾನನ್ನು ಮಾತ್ರ ಸುಮ್ಮನೆ ಮಾಡಿಸಬೇಡಿ, ಅದರಲ್ಲಿ ವಿಕಿರಣವಿದೆ.

ಸಿಎಂವಿ ಪರೀಕ್ಷೆ ಹೊಟ್ಟೆಯಲ್ಲಿದ್ದಾಗ ಆಗಿರದಿದ್ದರೆ ಮಗುವಿನ ಮೂತ್ರ ಅಥವಾ ಜೊಲ್ಲಿನಲ್ಲಿ ಮಾಡಿಸಿ. 21 ದಿನದ ಒಳಗೆ. ಆಮೇಲೆ ಪಾಸಿಟಿವ್ ಬಂದರೆ ಹೊಟ್ಟೆಯಲ್ಲೇ ಬಂದದ್ದಾ, ಹುಟ್ಟಿದ ಮೇಲೆ ಅಂಟಿದ್ದಾ ಅಂತ ಹೇಳುವುದು ಕಷ್ಟ. ನಾಮಕರಣ, ತೊಟ್ಟಿಲ ಶಾಸ್ತ್ರದ ಗಡಿಬಿಡಿಯಲ್ಲಿ ಈ ಮೂರು ವಾರ ಹೇಗೆ ಕಳೆಯುತ್ತದೆ ಗೊತ್ತೇ ಆಗುವುದಿಲ್ಲ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಿವಿಯ ಪರೀಕ್ಷೆಯೂ ಒಂದು ತಿಂಗಳೊಳಗೆ ಆಗಲಿ.

8. ಟೇಪು ಹಿಡಿದು ಒಂದು ವರ್ಷ

ಇಲ್ಲಿಂದ ಮುಂದೆ ಲಕ್ಷ ರೂಪಾಯಿಯ ಯಂತ್ರಕ್ಕಿಂತ ಹತ್ತು ರೂಪಾಯಿಯ ಟೇಪು ಹೆಚ್ಚು ಕೆಲಸಕ್ಕೆ ಬರುತ್ತದೆ. ಪ್ರತಿ ಚುಚ್ಚುಮದ್ದಿಗೆ ಹೋದಾಗಲೂ ತಲೆಯ ಸುತ್ತಳತೆ ತೆಗೆಸಿ, ಕಾರ್ಡಿನ ಗ್ರಾಫಿನಲ್ಲಿ ಗುರುತು ಹಾಕಿಸಿ.

ಅಳೆಯುವಾಗ ಕುಲಾವಿ ತೆಗೆಯಬೇಕು. ಶೀತ ಆಗತ್ತೆ ಅಂತ ಅಜ್ಜಿ ಕುಲಾವಿ ಬಿಡುವುದಿಲ್ಲ, ನರ್ಸ್ ಅದರ ಮೇಲೇ ಟೇಪು ಸುತ್ತುತ್ತಾರೆ, ಮುಂದಿನ ತಿಂಗಳು ಕುಲಾವಿ ಇಲ್ಲದೆ ಅಳೆದಾಗ ‘ತಲೆ ಬೆಳೆದೇ ಇಲ್ಲ’ ಅಂತ ಇನ್ನೊಂದು ಗಾಬರಿ. ಟೇಪು ಹಿಗ್ಗದ ಜಾತಿಯದಾಗಿರಲಿ, ಟೈಲರ್ ಅಂಗಡಿಯ ಹಳೆಯದು ಬೇಡ. ಹುಬ್ಬಿನ ಮೇಲೆ, ಕಿವಿಯ ಮೇಲೆ, ಹಿಂದಲೆಯ ಅತಿ ಉಬ್ಬಿದ ಜಾಗದ ಮೇಲೆ ಹಾದುಹೋಗಬೇಕು. ಮೂರು ಸಲ ಅಳೆದು ದೊಡ್ಡದನ್ನು ಬರೆದುಕೊಳ್ಳಿ.

ದಿನ ತುಂಬಿ ಹುಟ್ಟಿದ ಮಗುವಿನ ತಲೆ ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು ತಿಂಗಳಿಗೆ 1 ಸೆಂ.ಮೀ., ಆಮೇಲೆ ವರ್ಷದವರೆಗೆ ತಿಂಗಳಿಗೆ ಅರ್ಧ ಸೆಂ.ಮೀ. ಬೆಳೆಯುತ್ತದೆ. ಒಂದು ಅಳತೆಯಿಂದ ಏನೂ ಗೊತ್ತಾಗದು, ಗೆರೆ ಹೇಗೆ ಏರುತ್ತಿದೆ ನೋಡಬೇಕು. ಗ್ರಾಫಿನ ಗೆರೆಗಳನ್ನು ದಾಟಿ ಮೇಲೇರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಅಪ್ಪ ಅಮ್ಮನ ತಲೆಯನ್ನೂ ಅಳೆಯಿರಿ. ಅಪ್ಪನಿಗೆ ಅಂಗಡಿಯ ಅತಿ ದೊಡ್ಡ ಹೆಲ್ಮೆಟ್ಟೇ ಬೇಕು ಅಂತಾದರೆ ಮಗನ ತಲೆ ದೊಡ್ಡದಾಗಿದ್ದಕ್ಕೆ ಕಾರಣ ಅಲ್ಲೇ ಇರಬಹುದು.

ತಡಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಗುರುತುಗಳು: ಮಗು ಅಳದೆ, ಕೂತ ಭಂಗಿಯಲ್ಲಿದ್ದಾಗಲೂ ನೆತ್ತಿ ಉಬ್ಬಿ ಬಿಗಿಯಾಗಿರುವುದು. ಪದೇ ಪದೇ ವಾಂತಿ. ಎಬ್ಬಿಸಿದರೂ ಏಳದ ಮಂಪರು. ಕಣ್ಣುಗುಡ್ಡೆ ಕೆಳಗಿಳಿದು ಮೇಲೆ ಬಿಳಿಭಾಗ ಕಾಣುವುದು. ಫಿಟ್ಸ್.

ನೆತ್ತಿಗೆ ಎಣ್ಣೆ ಹಚ್ಚುವ ಬಗ್ಗೆ ಕೇಳುತ್ತಾರೆ. ಮೆಲ್ಲಗೆ ಹಚ್ಚಿ, ತೊಂದರೆಯಿಲ್ಲ, ಆದರೆ ಅದರಿಂದ ಒಳಗಿನ ದ್ರವ ಇಳಿಯುವುದಿಲ್ಲ. ತಲೆ ‘ಗುಂಡಗೆ’ ಬರಲಿ ಅಂತ ಎರೆಯುವಾಗ ಒತ್ತುವುದು, ತೀಡುವುದು ಮಾತ್ರ ಬೇಡವೇ ಬೇಡ.

9. ಮಗುವನ್ನು ನೋಡಿ, ರಿಪೋರ್ಟನ್ನಲ್ಲ

ಬೆಳವಣಿಗೆಯ ತಪಾಸಣೆಯನ್ನು 6, 9, 12, 18, 24 ತಿಂಗಳಿಗೆ ಮಾಡಿಸಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ಲೆಕ್ಕ ಹಾಕಿ. ಎರಡು ತಿಂಗಳು ಮುಂಚೆ ಬಂದ ಕೂಸು ಆರನೇ ತಿಂಗಳಲ್ಲಿ ನಾಲ್ಕು ತಿಂಗಳ ಕೂಸಿನಂತೆ ಇದ್ದರೆ ಅದು ತಡವಲ್ಲ.

ಯಾವಾಗ ಡಾಕ್ಟರಿಗೆ ತೋರಿಸಬೇಕು? ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ. ಐದು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ. ಒಂಬತ್ತು ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ. 18 ತಿಂಗಳಾದರೂ ನಡೆಯದಿದ್ದರೆ, ‘ಅಕೋ ಕಾಗೆ’ ಅಂತ ಬೆರಳು ಮಾಡಿ ತೋರಿಸದಿದ್ದರೆ, ಅರ್ಥವಿರುವ ಒಂದು ಮಾತೂ ಇಲ್ಲದಿದ್ದರೆ. ಎರಡು ವರ್ಷ ತುಂಬಿದರೂ ‘ಅಮ್ಮ ಬಾ’, ‘ನೀರು ಬೇಕು’ ಥರ ಎರಡು ಮಾತು ಕೂಡಿಸದಿದ್ದರೆ. ವರ್ಷದೊಳಗೇ ಒಂದೇ ಕೈಯನ್ನು ಬಳಸುತ್ತಾ ಇನ್ನೊಂದನ್ನು ಮುಷ್ಟಿ ಬಿಗಿದೇ ಇಟ್ಟಿದ್ದರೆ. ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು, ಕಲಿತ ಕೆಲಸ ಕಳೆದುಹೋದರೆ.

ಅಂಬೆಗಾಲಿಡದೆ ನೇರವಾಗಿ ಎದ್ದು ನಿಲ್ಲುವ ಮಕ್ಕಳಿದ್ದಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಡೆಯುವುದಕ್ಕೂ ಅಗಲವಾದ ಅವಧಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಂತ ಮಕ್ಕಳು ತಾವಾಗಿ ನಡೆಯಲು ಶುರುಮಾಡುವುದು ಎಂಟರಿಂದ ಹದಿನೇಳೂವರೆ ತಿಂಗಳ ನಡುವೆ ಯಾವಾಗಲಾದರೂ. ಪಕ್ಕದ ಮನೆಯ ಪಾಪು ಹತ್ತಕ್ಕೇ ನಡೆಯಿತು ಅನ್ನೋದು ಪಕ್ಕದ ಮನೆಯ ಸುದ್ದಿ.

ಎಡವುವ ಜಾಗ ಎರಡು, ಒಂದಕ್ಕೊಂದು ಉಲ್ಟಾ. ಮೊದಲನೆಯದು, ಮಗು ತಡವರಿಸಿದ್ದಕ್ಕೆ, ಹಟ ಮಾಡಿದ್ದಕ್ಕೆ, ಬಿದ್ದಿದ್ದಕ್ಕೆಲ್ಲ ಆ 10.8 ಅನ್ನೇ ನೆನೆಯುವುದು. ಹಾಗೆ ಬೆಳೆಸಿದ ಮಗುವನ್ನು ಯಾರೂ ಓಡಲು ಬಿಡುವುದಿಲ್ಲ, ಹತ್ತಲು ಬಿಡುವುದಿಲ್ಲ. ಎರಡನೆಯದು, ನಿಜವಾಗಿ ಮಾತು ತಡವಾದಾಗ ‘ಇವರ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಅಂತ ಕಾಯುವುದು. ಮಾತು ತಡವಾದರೆ ಮೊದಲ ಕೆಲಸ ಕಿವಿ ಪರೀಕ್ಷೆ, ಹುಟ್ಟಿದಾಗ ಪಾಸಾಗಿದ್ದರೂ ಸಹ. ಸಿಎಂವಿಯಿಂದ ಬರುವ ಕಿವುಡು ಆಮೇಲೂ ಶುರುವಾಗಬಹುದು.

10. ತಡ ಅಂತ ಕಂಡರೆ ಎಲ್ಲಿಗೆ

ಡಾಕ್ಟರು ಪೂರ್ತಿ ಮೌಲ್ಯಮಾಪನಕ್ಕೆ ಬರೆಯುತ್ತಾರೆ. ಎರಡೂವರೆ ವರ್ಷದೊಳಗಿನ ಮಕ್ಕಳಿಗೆ ನಮ್ಮ ದೇಶದ ಮಕ್ಕಳನ್ನೇ ಅಳೆದು ಮಾಡಿದ ‘ಡಿಎಎಸ್‌ಐಐ’ ಎಂಬ ಪರೀಕ್ಷೆ ಇದೆ. ಮಗುವಿಗೆ ಅದು ಆಟದಂತೆಯೇ ಕಾಣುತ್ತದೆ, ಮರದ ತುಂಡು ಜೋಡಿಸುವುದು, ಬಟ್ಟಲಲ್ಲಿ ಅಡಗಿಸಿಟ್ಟದ್ದನ್ನು ಹುಡುಕುವುದು, ಹೀಗೆ. ಹೊಟ್ಟೆ ತುಂಬಿದ, ನಿದ್ದೆಯಾದ ಹೊತ್ತಿಗೆ ಕರೆದೊಯ್ಯಿರಿ. ಮಧ್ಯಾಹ್ನದ ನಿದ್ದೆಗೆ ತೂಗುತ್ತಿರುವ ಮಗುವಿಗೆ ಬಂದ ಅಂಕ ಮಗುವಿನದಲ್ಲ, ನಿದ್ದೆಯದು.

ಖಾಸಗಿಯಾಗಿ ಖರ್ಚು ಮಾಡುವ ಮುಂಚೆ ಜಿಲ್ಲಾ ಆಸ್ಪತ್ರೆಯಲ್ಲಿ ‘ಡಿಇಐಸಿ’ ಎಲ್ಲಿದೆ ಅಂತ ಕೇಳಿ. ಬೆಳವಣಿಗೆ ತಡವಾದ ಮಕ್ಕಳಿಗೆ ಬೇಗನೆ ನೆರವು ಕೊಡುವ ಸರ್ಕಾರಿ ಕೇಂದ್ರ ಇದು, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ. ದುಡ್ಡು ಕೊಡಬೇಕಿಲ್ಲ. ಅದೇ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುವಂತೆ ವ್ಯವಸ್ಥೆ ಇದೆ. ಮಾತು, ಕಿವಿಯ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ. ಪತ್ತೆಯ ಹೆಸರು ಏನೇ ಇರಲಿ, ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಶುರು ಮಾಡಲು ಎಲ್ಲ ರಿಪೋರ್ಟು ಬರಲಿ ಅಂತ ಕಾಯಬೇಕಿಲ್ಲ. ಮೊದಲ ಮೂರು ವರ್ಷದಲ್ಲಿ ಮೆದುಳು ಕಲಿಯುವಷ್ಟು ಬೇಗ ಆಮೇಲೆ ಕಲಿಯುವುದಿಲ್ಲ. ‘ಬ್ರೈನ್ ಟಾನಿಕ್’ ಬಾಟಲಿಗಳಿಗೆ ಸುರಿಯುವ ದುಡ್ಡನ್ನು ಥೆರಪಿಗೆ ಹೋಗುವ ಬಸ್ಸಿನ ಚಾರ್ಜಿಗೆ ಇಟ್ಟುಕೊಳ್ಳಿ.

ಕೊನೆಗೆ, ಈಚೆಗೆ ಜಾಸ್ತಿ ಬರುತ್ತಿರುವ ಪ್ರಶ್ನೆ: ಶಾಲೆಯ ಅರ್ಜಿಯಲ್ಲಿ ಇದನ್ನು ಬರೆಯಬೇಕಾ? ಎರಡು ವರ್ಷದ ತಪಾಸಣೆ ಸರಿಯಿದ್ದು, ತಲೆಯ ಗೆರೆ ಸರಿಯಿದ್ದು, ಮಗು ಆಡಿ ಹಾಡಿಕೊಂಡಿದ್ದರೆ ಬೇಡ. ಎಲ್‌ಕೆಜಿಗೆ ಸೇರಿಸುವ ಮುಂಚೆ ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ, ಒಂದನೇ ತರಗತಿಯಲ್ಲಿ ಓದು ಬರಹ ಹೇಗಿದೆ ಅಂತ ಟೀಚರನ್ನು ಕೇಳಿ. ಅಕ್ಷರ ಹತ್ತುತ್ತಿಲ್ಲ, ಗಮನ ನಿಲ್ಲುತ್ತಿಲ್ಲ ಅಂತ ಅವರು ಹೇಳಿದರೆ ಮಾತ್ರ ಆ ಹಳೆಯ ಫೈಲನ್ನು ಅಟ್ಟದಿಂದ ಇಳಿಸಿ.